ಹಂಚಿಕೊಂಡರೆ ಪಾಪ ಕಿರಿದಾಗುವುದೇ?

ಹಿಂಸೆಯನ್ನು ಒಬ್ಬನೇ ಎಸಗಿದಾಗ ಅದನ್ನು ಹಿಂಸೆಯೆಂದು ಗುರುತಿಸುವುದು ಕಷ್ಟವಲ್ಲ. ಹಲವರು ಕೂಡಿ, ಲಿಖಿತ ಒಡಂಬಡಿಕೆಯೊಂದನ್ನು ಮಾಡಿಕೊಂಡು, ಅದಕ್ಕೆ ಮೈತ್ರಿಯೆಂದು ಹೆಸರಿಟ್ಟು, ಸಭೆ ಸೇರಿ ನಿರ್ಣಯ ಕೈಗೊಂಡು ಅದೇ ಕೃತ್ಯವನ್ನು ಎಸಗಿದರೆ ಅದು ಒಮ್ಮೆಗೇ ರಕ್ಷಣೆಯಾಗುತ್ತದೆ, ಕರ್ತವ್ಯವಾಗುತ್ತದೆ, ಸಹಾಯವೂ ಆಗುತ್ತದೆ. ಕೈಗಳು ಹೆಚ್ಚಿದಷ್ಟೂ ಕಳಂಕ ತೆಳುವಾಗುತ್ತದೆಂಬ ಈ ಭ್ರಮೆಗೆ ಇಪ್ಪತ್ತನೆಯ ಶತಮಾನ ಕೊಟ್ಟ ಸ್ಪಷ್ಟ ನಿದರ್ಶನಗಳಲ್ಲಿ ವಾರ್ಸಾ ಒಡಂಬಡಿಕೆಯೂ ಒಂದು. ಸೋವಿಯತ್ ಒಕ್ಕೂಟ ಹಾಗೂ ಪೂರ್ವ ಯೂರೋಪಿನ ಕಮ್ಯುನಿಸ್ಟ್ ರಾಷ್ಟ್ರಗಳ ಈ ಸೈನಿಕ ಕೂಟ 1955ರಲ್ಲಿ ಹುಟ್ಟಿ 1991ರಲ್ಲಿ ಅಳಿಯಿತು.

ಅಳಿದುಹೋದುದನ್ನು ಈಗ ಕೆದಕುವುದೇಕೆ ಎಂದು ವಾಚಕರು ಕೇಳಬಹುದು. ಕಾರಣವಿದೆ. 2022ರ ಫೆಬ್ರವರಿಯಲ್ಲಿ ರಷ್ಯದ ಸೇನೆ ಯುಕ್ರೇನಿನ ಮೇಲೆ ದಂಡೆತ್ತಿ ಹೋದಂದಿನಿಂದ ನಮ್ಮ ವಿದ್ಯಾವಂತರ ನಡುವೆ ಒಂದು ಮಾತು ಮತ್ತೆ ಮತ್ತೆ ಕೇಳಿಬರುತ್ತಿದೆ. “ಎರಡು ಕೂಟಗಳಿದ್ದ ಕಾಲದಲ್ಲಿ ಲೋಕದಲ್ಲಿ ಸಮತೂಕವಿತ್ತು, ಒಂದು ಇನ್ನೊಂದಕ್ಕೆ ಅಂಜುತ್ತಿತ್ತು, ಆದ್ದರಿಂದಲೇ ಯೂರೋಪಿನಲ್ಲಿ ಶಾಂತಿಯಿತ್ತು. ವಾರ್ಸಾ ಕೂಟ ಒಡೆದದ್ದೇ ಅನರ್ಥಕ್ಕೆ ಮೂಲವಾಯಿತು” ಎಂಬುದೇ ಆ ಮಾತು. ಹೇಳುವವರು ದುಷ್ಟರಲ್ಲ; ಹೆಚ್ಚಿನವರು ಯುದ್ಧವನ್ನು ಮನಸಾರೆ ದ್ವೇಷಿಸುವವರೇ. ಅಹಿಂಸೆಯೇ ಪರಮಧರ್ಮವೆಂದು ನಂಬಿದ ಮನೆಗಳಲ್ಲಿಯೂ ಈ ಮಾತಿಗೆ ತಲೆದೂಗುವವರಿದ್ದಾರೆ. ಆದುದರಿಂದಲೇ ಇದನ್ನು ಸುಮ್ಮನೆ ಬಿಡಲಾಗದು. ಈ ಮಾತು ಇತಿಹಾಸಕ್ಕೆ ವಿರುದ್ಧವಾದುದು. ಅದಕ್ಕಿಂತ ಮಿಗಿಲಾಗಿ, ಶಾಂತಿಯೆಂದರೇನೆಂಬ ನಮ್ಮ ತಿಳಿವಳಿಕೆಯನ್ನೇ ಕೆಡಿಸುವಂಥದು.

ಮೊದಲು ಒಡಂಬಡಿಕೆಯ ಮಾತುಗಳನ್ನೇ ನೋಡೋಣ. 1955ರ ಮೇ 14ರಂದು ಪೋಲೆಂಡಿನ ರಾಜಧಾನಿ ವಾರ್ಸಾದಲ್ಲಿ ಸೋವಿಯತ್ ಒಕ್ಕೂಟ, ಪೋಲೆಂಡ್, ಜೆಕೊಸ್ಲೊವಾಕಿಯಾ, ಹಂಗೆರಿ, ರೊಮಾನಿಯಾ, ಬಲ್ಗೇರಿಯಾ, ಅಲ್ಬೇನಿಯಾ ಹಾಗೂ ಪೂರ್ವ ಜರ್ಮನಿ ಎಂಬ ಎಂಟು ರಾಷ್ಟ್ರಗಳು ಇದಕ್ಕೆ ಸಹಿ ಹಾಕಿದವು. ಇದರ ವಿಧ್ಯುಕ್ತ ನಾಮಧೇಯ ಮೈತ್ರಿ, ಸಹಕಾರ ಹಾಗೂ ಪರಸ್ಪರ ಸಹಾಯದ ಒಡಂಬಡಿಕೆ. ಅದರಲ್ಲಿ ಹನ್ನೊಂದು ವಿಧಿಗಳಿದ್ದವು. ವಿವಾದಗಳನ್ನು ಶಾಂತಿಯಿಂದ ಪರಿಹರಿಸಿಕೊಳ್ಳಬೇಕು, ಬಲಪ್ರಯೋಗವನ್ನಾಗಲಿ ಅದರ ಬೆದರಿಕೆಯನ್ನಾಗಲಿ ತ್ಯಜಿಸಬೇಕು ಎಂದು ಮೊದಲನೆಯ ವಿಧಿ ಸಾರಿತು. ಸದಸ್ಯ ರಾಷ್ಟ್ರವೊಂದರ ಮೇಲೆ ಯೂರೋಪಿನಲ್ಲಿ ಸಶಸ್ತ್ರ ದಾಳಿ ನಡೆದರೆ ಉಳಿದವು ನೆರವಿಗೆ ಬರಬೇಕೆಂಬುದು ನಾಲ್ಕನೆಯದು. ಪರಸ್ಪರರ ಸ್ವಾತಂತ್ರ್ಯವನ್ನೂ ಸಾರ್ವಭೌಮತೆಯನ್ನೂ ಗೌರವಿಸಬೇಕು, ಒಬ್ಬರ ಆಂತರಿಕ ವ್ಯವಹಾರದಲ್ಲಿ ಇನ್ನೊಬ್ಬರು ಕೈಹಾಕಕೂಡದು ಎಂದು ಎಂಟನೆಯ ವಿಧಿ ಮಾತು ಕೊಟ್ಟಿತು. ಕಾಗದದ ಮೇಲೆ ಇದಕ್ಕಿಂತ ಸೌಮ್ಯವಾದ ವಾಕ್ಯಗಳನ್ನು ಬರೆಯುವುದು ಸಾಧ್ಯವಿರಲಿಲ್ಲ.

ನ್ಯಾಯವಾಗಿ ಹೇಳಬೇಕಾದ ಇನ್ನೊಂದು ಮಾತಿದೆ. ಈ ಕೂಟದ ಹುಟ್ಟಿನ ಹಿಂದೆ ನಿಜವಾದ ಭಯವೂ ಇತ್ತು. ಎರಡನೆಯ ಮಹಾಯುದ್ಧದಲ್ಲಿ ಸೋವಿಯತ್ ಒಕ್ಕೂಟ ಎರಡು ಕೋಟಿಗೂ ಮಿಕ್ಕಿ ಜನರನ್ನು ಕಳೆದುಕೊಂಡಿತ್ತು. ಪಶ್ಚಿಮದ ರಾಷ್ಟ್ರಗಳು 1949ರಲ್ಲಿಯೇ ನ್ಯಾಟೋ ಎಂಬ ತಮ್ಮ ಸೈನಿಕ ಕೂಟವನ್ನು ಕಟ್ಟಿಕೊಂಡಿದ್ದವು. 1955ರ ಮೇ ತಿಂಗಳ ಮೊದಲ ವಾರದಲ್ಲಿ, ವಾರ್ಸಾದ ಸಹಿಗೆ ಕೆಲವೇ ದಿನಗಳ ಮುನ್ನ, ಪಶ್ಚಿಮ ಜರ್ಮನಿಯೂ ಅದರೊಳಕ್ಕೆ ಸೇರಿತು. ಜರ್ಮನಿಯ ಕೈಗೆ ಮತ್ತೆ ಆಯುಧ ಬರುವುದನ್ನು ಕಂಡು ಬೆಚ್ಚಿದವರನ್ನು ನಾವು ಹಳಿಯುವಂತಿಲ್ಲ. ಆದರೆ ಭಯವಿತ್ತೆಂಬುದು ಒಂದು. ಆ ಭಯವನ್ನು ಯಾರ ಮೇಲೆ ತೀರಿಸಿಕೊಂಡರು ಎಂಬುದು ಇನ್ನೊಂದು. ನ್ಯಾಟೋ ಸೈನಿಕನೊಬ್ಬನಿಗೂ ಎದುರಾಗಿ ಈ ಕೂಟ ಯುದ್ಧಕ್ಕೆ ಇಳಿಯಲಿಲ್ಲ. ಮೂವತ್ತಾರು ವರ್ಷಗಳಲ್ಲಿ ಅದು ಸಾಮೂಹಿಕವಾಗಿ ನಡೆಸಿದ ಒಂದೇ ಒಂದು ದಂಡಯಾತ್ರೆ ತನ್ನದೇ ಸದಸ್ಯ ರಾಷ್ಟ್ರವೊಂದರ ಮೇಲೆ. ಈ ಒಂದು ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದಿನದನ್ನು ವಿಚಾರಿಸಬೇಕು.

ಕೂಟದ ರಚನೆಯೇ ಅದರ ಉದ್ದೇಶವನ್ನು ಹೇಳುತ್ತಿತ್ತು. ಎಂಟು ರಾಷ್ಟ್ರಗಳ ಸೇನೆಗಳಿಗೆ ಸಂಯುಕ್ತ ಮಹಾದಂಡನಾಯಕನೊಬ್ಬನಿದ್ದ. ಕೊನೆವ್, ಗ್ರೆಚ್ಕೊ, ಯಾಕುಬೊವ್‌ಸ್ಕಿ, ಕುಲಿಕೊವ್, ಲೂಶೆವ್ ಎಂಬ ಐವರು ಒಬ್ಬರಾದ ಮೇಲೊಬ್ಬರು ಆ ಪದವಿಯಲ್ಲಿದ್ದರು. ಐವರೂ ಸೋವಿಯತ್ ಸೇನಾನಿಗಳೇ. ಸಮಾನರ ಮೈತ್ರಿಯಲ್ಲಿ ಪೋಲೆಂಡಿನವನಾಗಲಿ ಹಂಗೆರಿಯವನಾಗಲಿ ಒಮ್ಮೆಯಾದರೂ ಆ ಪೀಠವನ್ನೇರಲಿಲ್ಲ. ಇನ್ನೊಂದು ಸೂಕ್ಷ್ಮವನ್ನೂ ಗಮನಿಸಬೇಕು. ಆಸ್ಟ್ರಿಯಾದಲ್ಲಿದ್ದ ತನ್ನ ಪಡೆಗಳಿಗೆ ಸಂಪರ್ಕ ಮಾರ್ಗ ಬೇಕೆಂಬ ನೆಪದಿಂದ ಸೋವಿಯತ್ ಒಕ್ಕೂಟ ಹಂಗೆರಿ ಹಾಗೂ ರೊಮಾನಿಯಾಗಳಲ್ಲಿ ಸೈನ್ಯವನ್ನು ಇರಿಸಿಕೊಂಡಿತ್ತು. ಆಸ್ಟ್ರಿಯಾದಿಂದ ಹೊರಡುವ ಒಪ್ಪಂದಕ್ಕೆ ಅದು ಸಹಿ ಹಾಕಿದ್ದು 1955ರ ಮೇ 15ರಂದು. ಹಳೆಯ ನೆಪ ಮುಗಿಯುವ ಹಿಂದಿನ ದಿನವೇ ಹೊಸ ನೆಪ ಸಿದ್ಧವಾಗಿತ್ತು.

ಒಂದೂವರೆ ವರ್ಷ ಕಳೆಯುವುದರೊಳಗೆ ಮೈತ್ರಿಯ ಬಣ್ಣ ಬಯಲಾಯಿತು. 1956ರ ಅಕ್ಟೋಬರ್ 23ರಂದು ಹಂಗೆರಿಯ ಬುಡಾಪೆಸ್ಟ್ ನಗರದಲ್ಲಿ ವಿದ್ಯಾರ್ಥಿಗಳೂ ಕಾರ್ಮಿಕರೂ ಬೀದಿಗಿಳಿದರು. ಪ್ರಧಾನಿಯಾದ ಇಮ್ರೆ ನಾಜ್ ಸ್ವತಃ ಹಳೆಯ ಕಮ್ಯುನಿಸ್ಟ್. ಹೊಸ ಸೋವಿಯತ್ ಪಡೆಗಳು ಗಡಿ ದಾಟಿ ಬರುತ್ತಿರುವುದನ್ನು ಕಂಡು ಅವರು ನವೆಂಬರ್ 1ರಂದು ತಮ್ಮ ದೇಶ ವಾರ್ಸಾ ಒಡಂಬಡಿಕೆಯಿಂದ ಹೊರಬಂದಿದೆಯೆಂದೂ ತಟಸ್ಥವಾಗಿರುವುದೆಂದೂ ಸಾರಿದರು. ಮೂರು ದಿನಗಳ ನಂತರ, ನವೆಂಬರ್ 4ರ ಮುಂಜಾವಿನಲ್ಲಿ, ಸೋವಿಯತ್ ಟ್ಯಾಂಕುಗಳು ರಾಜಧಾನಿಯನ್ನು ನುಗ್ಗಿದವು. ಆ ಕಾರ್ಯಾಚರಣೆಯ ನೇತೃತ್ವ ವಹಿಸಿದವರು ಒಡಂಬಡಿಕೆಯ ಮಹಾದಂಡನಾಯಕ ಮಾರ್ಷಲ್ ಕೊನೆವ್ ಅವರೇ. ಹಂಗೆರಿಯನ್ನು ಕಾಯುವೆನೆಂದು ಪದವಿ ಸ್ವೀಕರಿಸಿದವರು ಹಂಗೆರಿಯ ಮೇಲೆಯೇ ಫಿರಂಗಿ ತಿರುಗಿಸಿದರು. ಸುಮಾರು 2,500 ಮಂದಿ ಹಂಗೆರಿಯನ್ನರು ಸತ್ತರು. ಸುಮಾರು ಎರಡು ಲಕ್ಷ ಜನ ದೇಶ ಬಿಟ್ಟು ಓಡಿದರು. ಅನ್ಯರ ಆಜ್ಞೆಗೆ ಒಳಪಟ್ಟು ಬಂದ ನೂರಾರು ಸೋವಿಯತ್ ತರುಣರೂ ಅಲ್ಲಿ ಪ್ರಾಣ ಕಳೆದುಕೊಂಡರು. ಅವರನ್ನೂ ನಾವು ಲೆಕ್ಕದಿಂದ ಬಿಡಬಾರದು. ಯುಗೊಸ್ಲಾವಿಯಾದ ರಾಯಭಾರ ಕಚೇರಿಯಲ್ಲಿ ಆಶ್ರಯ ಪಡೆದಿದ್ದ ನಾಜ್ ಅವರಿಗೆ ಸುರಕ್ಷಿತವಾಗಿ ಮನೆಗೆ ಹೋಗಬಹುದೆಂದು ಮಾತು ಕೊಡಲಾಯಿತು. ಆ ಮಾತನ್ನು ನಂಬಿ ಹೊರಬಂದವರನ್ನು ಬಾಗಿಲಲ್ಲಿಯೇ ಸೆರೆಹಿಡಿದು ಒಯ್ದು, 1958ರ ಜೂನ್ 16ರಂದು ಗಲ್ಲಿಗೇರಿಸಿದರು. ಶರಣಾಗತನಿಗೆ ಕೊಟ್ಟ ಅಭಯವನ್ನು ಮುರಿಯುವುದಕ್ಕಿಂತ ಹೀನವಾದುದನ್ನು ನಮ್ಮ ಪುರಾಣಗಳ ಖಳರೂ ಮಾಡಲು ಹಿಂಜರಿಯುತ್ತಿದ್ದರು.

ಹಂಗೆರಿಯಲ್ಲಿ ಸೋವಿಯತ್ ಸೇನೆ ಒಂಟಿಯಾಗಿ ಕೈಮಾಡಿತು. ಒಂಟಿ ಕೈಯ ಮೇಲೆ ಕಲೆ ಎದ್ದು ಕಾಣುತ್ತದೆ. ಈ ಪಾಠವನ್ನು ಮಾಸ್ಕೊ ಚೆನ್ನಾಗಿ ಕಲಿತುಕೊಂಡಿತು. ಹನ್ನೆರಡು ವರ್ಷಗಳ ನಂತರ ಜೆಕೊಸ್ಲೊವಾಕಿಯಾದ ಸರದಿ ಬಂದಾಗ ಅದು ಒಂಟಿಯಾಗಿ ಹೋಗಲಿಲ್ಲ.

1968ರ ಜನವರಿಯಲ್ಲಿ ಅಲೆಗ್ಸಾಂಡರ್ ಡುಬ್ಚೆಕ್ ಆ ದೇಶದ ಕಮ್ಯುನಿಸ್ಟ್ ಪಕ್ಷದ ನಾಯಕರಾದರು. ಪತ್ರಿಕೆಗಳ ಮೇಲಿನ ಕಟ್ಟುಪಾಡು ತೆಗೆದರು. ಜನ ಬಾಯಿ ತೆರೆದು ಮಾತನಾಡತೊಡಗಿದರು. ಒಡಂಬಡಿಕೆಯಿಂದ ಹೊರಹೋಗುವೆವೆಂದು ಅವರು ಹೇಳಲೇ ಇಲ್ಲ. ಬದಲಾಗಿ ಅದರಲ್ಲಿಯೇ ಇರುವೆವೆಂದು ಪದೇ ಪದೇ ಭರವಸೆ ಕೊಟ್ಟರು. ಆಗಸ್ಟ್ 3ರಂದು ಬ್ರಾಟಿಸ್ಲಾವಾ ನಗರದಲ್ಲಿ ಆರು ರಾಷ್ಟ್ರಗಳ ಪಕ್ಷನಾಯಕರು ಕೂಡಿ ಸೋದರ ಸಂಬಂಧದ ಹೇಳಿಕೆಯೊಂದಕ್ಕೆ ಸಹಿ ಹಾಕಿ ಪರಸ್ಪರ ಆಲಿಂಗಿಸಿಕೊಂಡರು. ಹದಿನೇಳು ದಿನಗಳು ಕಳೆದವು. ಆಗಸ್ಟ್ 20ರ ರಾತ್ರಿ ಸೋವಿಯತ್ ಒಕ್ಕೂಟ, ಪೋಲೆಂಡ್, ಹಂಗೆರಿ, ಬಲ್ಗೇರಿಯಾಗಳ ಸುಮಾರು ಎರಡು ಲಕ್ಷ ಸೈನಿಕರೂ ಎರಡು ಸಾವಿರ ಟ್ಯಾಂಕುಗಳೂ ಗಡಿಯನ್ನು ದಾಟಿದವು. ಮುಂದಿನ ದಿನಗಳಲ್ಲಿ ಆ ಸಂಖ್ಯೆ ಇನ್ನೂ ಬೆಳೆಯಿತು. ಹನ್ನೆರಡು ವರ್ಷಗಳ ಹಿಂದೆ ತನ್ನ ಬೀದಿಗಳಲ್ಲಿ ಟ್ಯಾಂಕುಗಳನ್ನು ಕಂಡು ಅತ್ತ ಹಂಗೆರಿಯೇ ಈಗ ನೆರೆಯವನ ಬೀದಿಗೆ ಸೈನ್ಯವನ್ನು ಕಳಿಸಿತು. ಹಿಂಸೆಗೆ ಒಳಗಾದವನು ತಾನಾಗಿಯೇ ಅಹಿಂಸಕನಾಗುವುದಿಲ್ಲವೆಂಬುದಕ್ಕೆ ಇದಕ್ಕಿಂತ ಕಹಿಯಾದ ಸಾಕ್ಷ್ಯ ಬೇಕೆ?

ಜೆಕೊಸ್ಲೊವಾಕಿಯಾದ ಸೇನೆಗೆ ಶಿಬಿರದಲ್ಲಿಯೇ ಇರುವಂತೆ ಆಜ್ಞೆಯಾಗಿತ್ತು. ಜನರು ಬರಿಗೈಯಲ್ಲಿ ಟ್ಯಾಂಕುಗಳನ್ನು ಸುತ್ತುವರಿದು ಅದರೊಳಗಿನ ತರುಣರನ್ನು “ನೀವೇಕೆ ಬಂದಿರಿ?” ಎಂದು ಕೇಳಿದರು. ಊರಿನ ಹೆಸರುಗಳನ್ನೂ ರಸ್ತೆಯ ಫಲಕಗಳನ್ನೂ ರಾತ್ರೋರಾತ್ರಿ ಕಿತ್ತುಹಾಕಿ ಆಕ್ರಮಣಕಾರರಿಗೆ ದಾರಿ ತಿಳಿಯದಂತೆ ಮಾಡಿದರು. ಆದರೂ ವರ್ಷಾಂತ್ಯದೊಳಗೆ ನೂರಕ್ಕೂ ಮಿಕ್ಕಿ ನಾಗರಿಕರು ಸತ್ತರು. ಡುಬ್ಚೆಕ್ ಮತ್ತು ಅವರ ಸಂಗಡಿಗರನ್ನು ಹಿಡಿದು ಮಾಸ್ಕೊಗೆ ಒಯ್ದರು. ಮಾರನೆಯ ವರ್ಷದ ಏಪ್ರಿಲ್‌ನಲ್ಲಿ ಅವರು ಪದವಿಯನ್ನು ಕಳೆದುಕೊಂಡರು. ಪರರಾಷ್ಟ್ರದ ಸೈನ್ಯ ಮಾತ್ರ 1991ರವರೆಗೂ ಅಲ್ಲಿಯೇ ಉಳಿಯಿತು.

ಸ್ಥಳೀಯ ನಾಯಕರೇ ನೆರವಿಗಾಗಿ ಮೊರೆಯಿಟ್ಟರೆಂದು ಮಾಸ್ಕೊ ಲೋಕಕ್ಕೆ ಸಾರಿತು. ಮೊರೆಯಿಟ್ಟವರ ಹೆಸರನ್ನು ಮಾತ್ರ ಹೇಳಲಿಲ್ಲ. ಐವರ ಸಹಿಯಿದ್ದ ಆ ರಹಸ್ಯ ಪತ್ರ ಸೋವಿಯತ್ ದಫ್ತರದ ಮುದ್ರೆಯೊತ್ತಿದ ಲಕೋಟೆಯಲ್ಲಿ ಮಲಗಿತ್ತು. 1992ರಲ್ಲಿ ರಷ್ಯದ ಅಧ್ಯಕ್ಷ ಯೆಲ್ತ್ಸಿನ್ ಅವರು ಅದನ್ನು ಪ್ರಾಗ್‌ಗೆ ಒಪ್ಪಿಸಿದ ಮೇಲೆಯೇ ಹೆಸರುಗಳು ಹೊರಬಿದ್ದವು. ಆಕ್ರಮಣ ಮುಗಿದ ಬಳಿಕ ಅದಕ್ಕೊಂದು ಸಿದ್ಧಾಂತವೂ ಹುಟ್ಟಿತು. ಸಮಾಜವಾದಿ ರಾಷ್ಟ್ರವೊಂದರಲ್ಲಿ ವ್ಯವಸ್ಥೆಗೆ ಅಪಾಯ ಬಂದರೆ ಅದು ಆ ರಾಷ್ಟ್ರಕ್ಕಷ್ಟೇ ಸೇರಿದ ವಿಷಯವಲ್ಲ, ಎಲ್ಲ ಸಮಾಜವಾದಿ ರಾಷ್ಟ್ರಗಳಿಗೂ ಸಂಬಂಧಿಸಿದ್ದು ಎಂದು ಬ್ರೆಜ್ನೆವ್ 1968ರ ನವೆಂಬರ್‌ನಲ್ಲಿ ವಾರ್ಸಾದಲ್ಲಿಯೇ ಭಾಷಣ ಮಾಡಿದರು. ಎಂಟನೆಯ ವಿಧಿಯ ಗತಿ ಏನಾಯಿತೆಂದು ಆ ಸಭೆಯಲ್ಲಿ ಯಾರೂ ಕೇಳಲಿಲ್ಲ.

ಈಗ ನಮ್ಮ ತತ್ತ್ವವಿಚಾರದ ಒರೆಗಲ್ಲಿಗೆ ಇದನ್ನು ತಿಕ್ಕಿ ನೋಡೋಣ. ಹಿಂಸೆಯ ಲೆಕ್ಕವನ್ನು ನಮ್ಮ ಆಚಾರ್ಯರು ಬಹಳ ಜಾಗರೂಕತೆಯಿಂದ ಮಾಡಿದ್ದಾರೆ. ಕೃತ, ಕಾರಿತ, ಅನುಮತ ಎಂದರೆ ತಾನು ಮಾಡಿದ್ದು, ಇನ್ನೊಬ್ಬರಿಂದ ಮಾಡಿಸಿದ್ದು, ಮಾಡಿದ್ದಕ್ಕೆ ಸಮ್ಮತಿಸಿದ್ದು. ಈ ಮೂರೂ ಕರ್ಮಬಂಧಕ್ಕೆ ಕಾರಣ. ಸಂರಂಭ, ಸಮಾರಂಭ, ಆರಂಭ ಎಂದರೆ ಸಂಕಲ್ಪ, ಸಾಧನಗಳ ಸಿದ್ಧತೆ, ಕಾರ್ಯ. ಈ ಮೂರಕ್ಕೂ ಹೊಣೆಯಿದೆ. ಜಪಮಾಲೆಯ ನೂರೆಂಟು ಮಣಿಗಳನ್ನು ಎಣಿಸುವ ಪ್ರತಿಯೊಬ್ಬ ಶ್ರಾವಕನಿಗೂ ಈ ಲೆಕ್ಕದ ಪರಿಚಯವಿದೆ. ಇದರಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಹೊಣೆಯನ್ನು ಎಲ್ಲಿಯೂ ಭಾಗಿಸುವುದಿಲ್ಲ, ಗುಣಿಸಲಾಗುತ್ತದೆ. ಐವರು ಕೂಡಿ ಮಾಡಿದ ಹಿಂಸೆಯಲ್ಲಿ ಒಬ್ಬೊಬ್ಬನಿಗೆ ಐದನೆಯ ಒಂದು ಪಾಲು ಬರುವುದಿಲ್ಲ. ಐವರಿಗೂ ಪೂರ್ಣವಾಗಿಯೇ ಬರುತ್ತದೆ.

ಪೂರ್ವ ಜರ್ಮನಿಯ ಉದಾಹರಣೆಯನ್ನು ನೋಡಿ. ಅದರ ನಾಯಕರು ಆಕ್ರಮಣಕ್ಕಾಗಿ ಎಲ್ಲರಿಗಿಂತ ಹೆಚ್ಚು ಒತ್ತಾಯಿಸಿದವರ ಸಾಲಿನಲ್ಲಿದ್ದರು. ಅದರ ಪಡೆಗಳು ಗಡಿಯಲ್ಲಿ ಸಜ್ಜಾಗಿ ನಿಂತಿದ್ದವು. ಕೊನೆಯ ಗಳಿಗೆಯಲ್ಲಿ ಅವುಗಳನ್ನು ಅಲ್ಲಿಯೇ ತಡೆಯಲಾಯಿತು. ಹಿಟ್ಲರನ ಕಾಲದ ನೆನಪು ಜೆಕ್ ಜನರಲ್ಲಿ ಇನ್ನೂ ಹಸಿಯಾಗಿತ್ತು. ಸಂರಂಭವಿತ್ತು, ಸಮಾರಂಭವಿತ್ತು, ಆರಂಭ ಮಾತ್ರ ಅನ್ಯರ ಕೈಯಿಂದ ನಡೆಯಿತು. ಹಾಗಾದರೆ ಪೂರ್ವ ಜರ್ಮನಿ ನಿರ್ದೋಷಿಯೇ? ಅಲ್ಲಿನ ಜನರೇ ಇದಕ್ಕೆ ಉತ್ತರ ಕೊಟ್ಟರು. ಮುಕ್ತ ಚುನಾವಣೆಯಿಂದ ಆರಿಸಿ ಬಂದ ಅವರ ಸಂಸತ್ತು 1990ರ ಏಪ್ರಿಲ್ 12ರಂದು 1968ರ ತಮ್ಮ ಪಾಲಿನ ಹೊಣೆಯನ್ನು ಒಪ್ಪಿಕೊಂಡು ಜೆಕೊಸ್ಲೊವಾಕಿಯಾದ ಜನರ ಕ್ಷಮೆಯನ್ನು ಕೋರಿತು. ನಮ್ಮ ಸೇನೆ ಗಡಿ ದಾಟಲಿಲ್ಲವಲ್ಲ ಎಂಬ ಸಮಜಾಯಿಷಿಯ ಹಿಂದೆ ಅವರು ಅವಿತುಕೊಳ್ಳಲಿಲ್ಲ. ಪ್ರತಿಕ್ರಮಣವೆಂದರೆ ಇದೇ.

ಇನ್ನು ಸಮತೂಕದ ವಾದಕ್ಕೆ ಬರೋಣ. ಎರಡು ಕೂಟಗಳ ಪರಸ್ಪರ ಭಯವೇ ಶಾಂತಿಯನ್ನು ಕಾಯಿತಂತೆ! ಯಾರ ಶಾಂತಿ? ಬುಡಾಪೆಸ್ಟಿನ ಬೀದಿಯಲ್ಲಿ ಸತ್ತವರಿಗೆ ಆ ಶಾಂತಿಯಿಂದ ಏನಾಯಿತು? ನೆರೆಮನೆಯವನು ಬಂದಾನೆಂದು ಹೆದರಿಸಿ, ತನ್ನ ಮನೆಯ ಮಕ್ಕಳನ್ನು ಕೋಣೆಯಲ್ಲಿ ಕೂಡಿಹಾಕಿ, ಅವರು ಅಳದಿರುವುದನ್ನು ಗೃಹಶಾಂತಿಯೆಂದು ಕರೆಯುವ ಯಜಮಾನನಿಗೂ ಈ ವಾದಿಗಳಿಗೂ ಏನು ವ್ಯತ್ಯಾಸ? ಆ ಶಾಂತಿಯ ಒಡಲಲ್ಲಿ ಏನಿತ್ತೆಂಬುದಕ್ಕೆ ದಾಖಲೆಯೂ ಇದೆ. 1979ರಲ್ಲಿ ಈ ಕೂಟ ಸಿದ್ಧಪಡಿಸಿದ್ದ ಸಮರಾಭ್ಯಾಸದ ನಕ್ಷೆಯೊಂದನ್ನು ಪೋಲೆಂಡಿನ ಸರ್ಕಾರ 2005ರಲ್ಲಿ ಬಹಿರಂಗಪಡಿಸಿತು. ಏಳು ದಿನಗಳಲ್ಲಿ ರೈನ್ ನದಿಯನ್ನು ತಲಪುವುದು ಅದರ ಲೆಕ್ಕಾಚಾರ. ಪಶ್ಚಿಮ ಯೂರೋಪಿನ ನಗರಗಳ ಮೇಲೆ ತಾವು ಹಾಕಬೇಕಾದ ಅಣುಬಾಂಬುಗಳ ಗುರುತುಗಳು ಅದರಲ್ಲಿದ್ದವು. ಪೋಲೆಂಡಿನ ವಿಸ್ಟುಲಾ ನದಿಯ ಉದ್ದಕ್ಕೂ ಎದುರಾಳಿ ಹಾಕಬಹುದಾದ ಬಾಂಬುಗಳ ಗುರುತುಗಳೂ ಇದ್ದವು. ಎಂದರೆ, ಸದಸ್ಯ ರಾಷ್ಟ್ರವೊಂದರ ಲಕ್ಷಾಂತರ ಪ್ರಜೆಗಳು ಉರಿದು ಬೂದಿಯಾಗುವುದನ್ನು ಮೊದಲೇ ಲೆಕ್ಕಕ್ಕೆ ಹಿಡಿದು ಯೋಜನೆ ಬರೆದಿದ್ದರು. ಆ ಪ್ರಜೆಗಳನ್ನು ಯಾರೂ ಕೇಳಿರಲಿಲ್ಲ. ದಾನಗಳಲ್ಲಿ ಅಭಯದಾನ ಶ್ರೇಷ್ಠವೆಂದು ಕೇಳಿ ಬೆಳೆದ ನಾವು, ಎರಡು ಕಡೆಯೂ ಭಯವನ್ನೇ ಹಂಚಿದ ಏರ್ಪಾಟನ್ನು ಶಾಂತಿಯೆಂದು ಕರೆಯುವುದು ಹೇಗೆ?

“ನೀವು ನ್ಯಾಟೋ ಪಕ್ಷವನ್ನು ಹಿಡಿದು ಮಾತನಾಡುತ್ತಿದ್ದೀರಿ” ಎಂದು ಆಕ್ಷೇಪಿಸುವವರಿರಬಹುದು. ಹಾಗಲ್ಲ. ಅಣ್ವಸ್ತ್ರಗಳನ್ನು ಎದುರಿನಿಂದ ಗುರಿಯಿಟ್ಟು ನಿಂತವರೂ ಅದೇ ಪಾಪಕ್ಕೆ ಪಾಲುದಾರರೇ. ಪೋಲೆಂಡ್, ಹಂಗೆರಿ, ಜೆಕ್ ಗಣರಾಜ್ಯಗಳು 1999ರ ಮಾರ್ಚ್ 12ರಂದು ನ್ಯಾಟೋವನ್ನು ಸೇರಿದವು. ಹನ್ನೆರಡು ದಿನಗಳ ನಂತರ ಆ ಕೂಟ ಭದ್ರತಾ ಮಂಡಳಿಯ ಒಪ್ಪಿಗೆಯಿಲ್ಲದೆ ಯುಗೊಸ್ಲಾವಿಯಾದ ಮೇಲೆ 78 ದಿನಗಳ ಬಾಂಬುದಾಳಿಯನ್ನು ಆರಂಭಿಸಿತು. ಅಲ್ಲಿಯೂ ಹಲವರ ಸಹಿಯಿತ್ತು, ಅಲ್ಲಿಯೂ ಸಹಾಯವೆಂಬ ಹೆಸರಿತ್ತು. ಒಂದು ಕೂಟವನ್ನು ಬಿಟ್ಟು ಇನ್ನೊಂದನ್ನು ಸೇರಿದ ಮಾತ್ರಕ್ಕೆ ಅನುಮತದ ಹೊಣೆಯಿಂದ ಬಿಡುಗಡೆ ದೊರಕುವುದಿಲ್ಲ. ಆದರೆ ಒಂದು ಭೇದವನ್ನು ಮರೆಮಾಚುವುದು ಸತ್ಯವ್ರತಕ್ಕೆ ಭಂಗ. 1966ರಲ್ಲಿ ಫ್ರಾನ್ಸ್ ನ್ಯಾಟೋದ ಸಂಯುಕ್ತ ಸೇನಾವ್ಯವಸ್ಥೆಯಿಂದ ಹೊರಬಂದು ತನ್ನ ನೆಲದಿಂದ ಅಮೆರಿಕದ ಪಡೆಗಳನ್ನು ಹೊರಡಿಸಿತು. ಪ್ಯಾರಿಸ್ಸಿನ ಮೇಲೆ ಯಾರೂ ಟ್ಯಾಂಕು ಕಳಿಸಲಿಲ್ಲ. ಹೊರಡುವ ಬಾಗಿಲು ತೆರೆದಿರುವ ಮನೆಗೂ ಬೀಗ ಹಾಕಿದ ಮನೆಗೂ ಇರುವ ಭೇದವಿದು.

ಬೀಗ ಹಾಕಿದ ಮನೆಯೊಳಗೂ ಸಮ್ಮತಿ ಕೊಡದೆ ನಿಂತ ಕೆಲವರಿದ್ದರು. ಈ ಕಥೆಯಲ್ಲಿ ನಮಗೆ ಆದರ್ಶವಾಗಬೇಕಾದವರು ಅವರು. ಮಾಸ್ಕೊಗೆ ಒಯ್ಯಲ್ಪಟ್ಟ ಜೆಕೊಸ್ಲೊವಾಕ್ ನಾಯಕರ ಮುಂದೆ ಶರಣಾಗತಿಯ ಪತ್ರವನ್ನಿಟ್ಟಾಗ ಡುಬ್ಚೆಕ್ ಸೇರಿದಂತೆ ಉಳಿದವರೆಲ್ಲರೂ ಸಹಿ ಹಾಕಿದರು. ಫ್ರಾಂಟಿಶೆಕ್ ಕ್ರೀಗೆಲ್ ಎಂಬ ವೈದ್ಯರೊಬ್ಬರು ಮಾತ್ರ ಹಾಕಲಿಲ್ಲ. ಅಕ್ಟೋಬರ್‌ನಲ್ಲಿ ವಿದೇಶಿ ಸೈನ್ಯದ ವಾಸ್ತವ್ಯಕ್ಕೆ ಒಪ್ಪಿಗೆ ಕೊಡುವ ಒಪ್ಪಂದ ಪ್ರಾಗ್ ಸಂಸತ್ತಿನ ಮುಂದೆ ಬಂದಾಗಲೂ ವಿರೋಧವಾಗಿ ಮತ ಕೊಟ್ಟ ನಾಲ್ವರಲ್ಲಿ ಅವರೊಬ್ಬರು. ಅವರ ಬಳಿ ಆಯುಧವಿರಲಿಲ್ಲ. ಸಹಿ ಹಾಕದೆ ಹಿಡಿದ ಲೇಖನಿಯಷ್ಟೇ ಇತ್ತು.

ಅದಕ್ಕೂ ಮಿಗಿಲಾದ ಘಟನೆ ಆಕ್ರಮಣಕಾರನ ರಾಜಧಾನಿಯಲ್ಲಿಯೇ ನಡೆಯಿತು. 1968ರ ಆಗಸ್ಟ್ 25ರ ಮಧ್ಯಾಹ್ನ ಮಾಸ್ಕೊದ ಕೆಂಪು ಚೌಕದಲ್ಲಿ ಎಂಟು ಮಂದಿ ಬಂದು ಕುಳಿತರು. ಅವರಲ್ಲಿ ಲಾರಿಸಾ ಬೊಗೊರಾಜ್, ಪಾವೆಲ್ ಲಿಟ್ವಿನೊವ್, ಮೂರು ತಿಂಗಳ ಹಸುಳೆಯನ್ನು ತಳ್ಳುಗಾಡಿಯಲ್ಲಿ ಕರೆತಂದ ಕವಯಿತ್ರಿ ನತಾಲ್ಯಾ ಗೊರ್ಬನೆವ್‌ಸ್ಕಯಾ ಇದ್ದರು. ನಿಮ್ಮ ಮತ್ತು ನಮ್ಮ ಸ್ವಾತಂತ್ರ್ಯಕ್ಕಾಗಿ ಎಂಬ ಬರಹದ ಬಟ್ಟೆಯನ್ನು ಬಿಡಿಸಿದರು. ಕೆಲವೇ ನಿಮಿಷಗಳಲ್ಲಿ ಅವರನ್ನು ಬಡಿದು ಎಳೆದೊಯ್ದರು. ವಿಕ್ಟರ್ ಫೈನ್‌ಬರ್ಗ್ ಅವರ ಹಲ್ಲುಗಳು ಮುರಿದವು. ಲಿಟ್ವಿನೊವ್ ಮತ್ತು ಬೊಗೊರಾಜ್ ಅವರಿಗೆ ಸೈಬೀರಿಯದ ಗಡೀಪಾರು, ಕೆಲವರಿಗೆ ಶ್ರಮಶಿಬಿರ, ಫೈನ್‌ಬರ್ಗ್ ಅವರಿಗೂ ಮುಂದೆ ಗೊರ್ಬನೆವ್‌ಸ್ಕಯಾ ಅವರಿಗೂ ಮಾನಸಿಕ ಚಿಕಿತ್ಸಾಲಯದ ಸೆರೆ. ಇದರಿಂದ ಒಂದು ಟ್ಯಾಂಕೂ ಹಿಂದಿರುಗಲಿಲ್ಲ, ನಿಜ. ಆದರೆ ಆ ಎಂಟು ಮಂದಿಯ ಮಟ್ಟಿಗೆ ಕೋಟ್ಯಂತರ ಜನರ ಹೆಸರಿನಲ್ಲಿ ನಡೆದ ಪಾಪಕ್ಕೆ ಅನುಮತವಿರಲಿಲ್ಲ. ತನ್ನ ದೇಶವನ್ನು ತನ್ನ ದೇಶದ ಪಾಪದಿಂದ ಬೇರ್ಪಡಿಸಿ ಉಳಿಸುವವರು ಇಂಥವರೇ.

ಒಡಂಬಡಿಕೆ ಅಳಿದದ್ದು ಕೂಡ ಇದೇ ಮಾರ್ಗದಿಂದ ಎಂಬುದನ್ನು ಸಮತೂಕವಾದಿಗಳು ಗಮನಿಸಬೇಕು. 1985ರಲ್ಲಿ ಅದನ್ನು ಇನ್ನೂ ಇಪ್ಪತ್ತು ವರ್ಷಗಳಿಗೆ ನವೀಕರಿಸಲಾಗಿತ್ತು. ಬಾಳಿದ್ದು ಆರು ವರ್ಷ. ಯಾವ ಸೇನೆಯೂ ಅದನ್ನು ಸೋಲಿಸಲಿಲ್ಲ. 1988ರ ಡಿಸೆಂಬರ್‌ನಲ್ಲಿ ಗೊರ್ಬಚೆವ್ ವಿಶ್ವಸಂಸ್ಥೆಯಲ್ಲಿ ನಿಂತು ಸೋವಿಯತ್ ಸೇನೆಯನ್ನು ಐದು ಲಕ್ಷದಷ್ಟು ತಗ್ಗಿಸುವುದಾಗಿಯೂ ಪ್ರತಿಯೊಂದು ರಾಷ್ಟ್ರಕ್ಕೂ ತನ್ನ ದಾರಿಯನ್ನು ಆರಿಸಿಕೊಳ್ಳುವ ಹಕ್ಕಿದೆಯೆಂದೂ ಘೋಷಿಸಿದರು. 1989ರ ಅಕ್ಟೋಬರ್ 9ರಂದು ಪೂರ್ವ ಜರ್ಮನಿಯ ಲೈಪ್‌ಜಿಗ್ ನಗರದಲ್ಲಿ ಸುಮಾರು 70,000 ಜನ ಮೇಣದ ಬತ್ತಿ ಹಿಡಿದು ನಡೆದಾಗ ಸಶಸ್ತ್ರ ಪಡೆಗಳು ಎದುರಿಗಿದ್ದವು; ಗುಂಡು ಹಾರಲಿಲ್ಲ. ಅಲ್ಲಿಯೇ ಇದ್ದ ಸೋವಿಯತ್ ಪಡೆಗಳು ಶಿಬಿರದಿಂದ ಹೊರಬರಲಿಲ್ಲ. ಭಯದಿಂದ ನಿಂತ ಕಟ್ಟಡಕ್ಕೆ ಭಯವನ್ನು ತೆಗೆದುಬಿಟ್ಟರೆ ಬೇರೆ ಆಧಾರವಿರಲಿಲ್ಲ. ಆ ವರ್ಷದ ಡಿಸೆಂಬರ್ 4ರಂದು ಅಂದಿನ ಐದು ರಾಷ್ಟ್ರಗಳ ನಾಯಕರು 1968ರ ಆಕ್ರಮಣ ನ್ಯಾಯಬಾಹಿರವಾಗಿತ್ತೆಂದು ಒಪ್ಪಿದರು. 1991ರ ಜುಲೈ 1ರಂದು ಪ್ರಾಗ್ ನಗರದಲ್ಲಿ ಒಡಂಬಡಿಕೆಯ ಅಂತ್ಯಕ್ಕೆ ಸಹಿ ಬಿತ್ತು. ಸಭೆಯ ಆತಿಥ್ಯ ವಹಿಸಿದ ವಾಕ್ಲಾವ್ ಹಾವೆಲ್ ಎರಡು ವರ್ಷಗಳ ಹಿಂದೆ ಅದೇ ನಗರದಲ್ಲಿ ಸೆರೆಮನೆಯಲ್ಲಿದ್ದವರು.

ಒಳ್ಳೆಯವರು ಒಂದೇ ಕಡೆ, ಕೆಟ್ಟವರು ಇನ್ನೊಂದು ಕಡೆ ಎಂದು ಈ ಕಥೆಯನ್ನು ಸರಳಗೊಳಿಸಲಾಗದು. 1968ರಲ್ಲಿ ಆಕ್ರಮಣಕ್ಕೆ ಸೇರದೆ ಅದನ್ನು ಬಹಿರಂಗವಾಗಿ ಖಂಡಿಸಿದ ರೊಮಾನಿಯಾದ ಚೌಷೆಸ್ಕು ಸ್ವದೇಶದಲ್ಲಿ ಕ್ರೂರ ಸರ್ವಾಧಿಕಾರಿ. 1989ರ ಆಗಸ್ಟ್‌ನಲ್ಲಿ ಪೋಲೆಂಡಿನಲ್ಲಿ ಕಮ್ಯುನಿಸ್ಟೇತರ ಸರ್ಕಾರ ಬರುವುದನ್ನು ಕೂಟ ಒಗ್ಗೂಡಿ ತಡೆಯಬೇಕೆಂದು ಒತ್ತಾಯಿಸಿದವನೂ ಅವನೇ. ಒಮ್ಮೆ ಇಲ್ಲವೆಂದವನು ಎಂದೆಂದಿಗೂ ಇಲ್ಲವೆನ್ನುವನೆಂಬ ಭರವಸೆಯಿಲ್ಲ. ಸ್ವಾರ್ಥಕ್ಕಾಗಿ ಹೇಳಿದ ಇಲ್ಲ ಬೇರೆ, ಧರ್ಮಕ್ಕಾಗಿ ಹೇಳಿದ ಇಲ್ಲ ಬೇರೆ.

ಈಗ ನಮ್ಮ ಮನೆಯ ಲೆಕ್ಕವನ್ನು ನೋಡದೆ ಹೋದರೆ ಈ ಲೇಖನ ಪರನಿಂದೆಯಾದೀತು. 1956ರ ನವೆಂಬರ್ 4ರಂದು ವಿಶ್ವಸಂಸ್ಥೆಯ ಮಹಾಸಭೆಯಲ್ಲಿ ಹಂಗೆರಿಯ ಮೇಲಿನ ದಾಳಿಯ ವಿರುದ್ಧ ನಿರ್ಣಯ ಬಂದಾಗ ಭಾರತ ಮತದಾನದಿಂದ ದೂರವುಳಿಯಿತು. ನವೆಂಬರ್ 9ರಂದು ಮುಕ್ತ ಚುನಾವಣೆಗೆ ಕರೆಕೊಟ್ಟ ನಿರ್ಣಯಕ್ಕೆ ವಿರೋಧವಾಗಿಯೇ ಮತ ಕೊಟ್ಟಿತು. 1968ರ ಆಗಸ್ಟ್‌ನಲ್ಲಿ ನಾವು ಭದ್ರತಾ ಮಂಡಳಿಯ ಸದಸ್ಯರಾಗಿದ್ದೆವು. ಆಕ್ರಮಣವನ್ನು ಖಂಡಿಸುವ ನಿರ್ಣಯಕ್ಕೆ ಹತ್ತು ರಾಷ್ಟ್ರಗಳು ಪರವಾಗಿ ಮತ ಕೊಟ್ಟವು; ಸೋವಿಯತ್ ಒಕ್ಕೂಟ ತನ್ನ ನಿಷೇಧಾಧಿಕಾರದಿಂದ ಅದನ್ನು ತಳ್ಳಿಹಾಕಿತು. ತಟಸ್ಥರಾಗಿ ಉಳಿದ ಮೂವರಲ್ಲಿ ನಾವೊಬ್ಬರು. ಖಂಡನೆಯೆಂಬ ಪದ ಕಠಿನವಾಯಿತೆಂಬುದು ನಮ್ಮ ಪ್ರತಿನಿಧಿಗಳ ಆಕ್ಷೇಪ. ಅಂದು ಕೇಂದ್ರ ಸಚಿವರಾಗಿದ್ದ ಅಶೋಕ ಮೆಹತಾ ಅವರು ಈ ನಿಲುವನ್ನು ಒಪ್ಪಲಾರದೆ ಪದವಿಯನ್ನೇ ತ್ಯಜಿಸಿದರು. 2022ರ ಫೆಬ್ರವರಿ 25ರಂದು ಅದೇ ಮಂಡಳಿಯಲ್ಲಿ ಯುಕ್ರೇನಿನ ಕುರಿತು ಮತಕ್ಕೆ ಹಾಕಿದಾಗಲೂ ತಟಸ್ಥರಾದ ಮೂವರಲ್ಲಿ ಭಾರತವೊಂದಾಗಿತ್ತು.

ಇದಕ್ಕೆ ಕಾರಣಗಳಿಲ್ಲದಿಲ್ಲ. 1957ರಲ್ಲಿಯೂ 1962ರಲ್ಲಿಯೂ ಕಾಶ್ಮೀರದ ವಿಷಯದಲ್ಲಿ ಭದ್ರತಾ ಮಂಡಳಿಯಲ್ಲಿ ನಮ್ಮ ನೆರವಿಗೆ ಬಂದದ್ದು ಸೋವಿಯತ್ ನಿಷೇಧಾಧಿಕಾರವೇ. ಆಪತ್ತಿಗಾದವನ ಮುಖ ಮುರಿಯಬಾರದೆಂಬುದು ವ್ಯವಹಾರನೀತಿ. ಕೃತಜ್ಞತೆ ದೊಡ್ಡ ಗುಣವೇ. ಆದರೆ ಸಾಲ ಕೊಟ್ಟವನು ನೆರೆಯವನ ಮನೆಗೆ ಬೆಂಕಿಯಿಟ್ಟಾಗ ಬಾಯಿ ಮುಚ್ಚಿಕೊಳ್ಳುವುದು ಸಾಲ ತೀರಿಸುವ ರೀತಿಯಲ್ಲ. ಮಾತನಾಡಿದ್ದರೆ ಏನು ಪ್ರಯೋಜನವಾಗುತ್ತಿತ್ತು ಎನ್ನುವವರಿಗೂ ಉತ್ತರವಿದೆ. ಹಂಗೆರಿಯ ದಂಗೆಯ ನಂತರ ಸೆರೆಯಾದ ಲೇಖಕ ಆರ್ಪಾದ್ ಗೊಂಚ್ ಅವರ ಪ್ರಾಣ ಉಳಿಯಲು ಭಾರತ ಸರ್ಕಾರದ ಮಧ್ಯಸ್ಥಿಕೆ ನೆರವಾಯಿತೆಂದು ಹೇಳಲಾಗುತ್ತದೆ. 1958ರಲ್ಲಿ ಅವರಿಗೆ ಗಲ್ಲಿನ ಬದಲು ಜೀವಾವಧಿ ಶಿಕ್ಷೆಯಾಯಿತು. 1990ರಲ್ಲಿ ಅವರು ಸ್ವತಂತ್ರ ಹಂಗೆರಿಯ ಅಧ್ಯಕ್ಷರಾದರು. ಮೆಲುದನಿಯ ಒಂದು ಮಾತಿಗೇ ಇಷ್ಟು ಶಕ್ತಿಯಿದ್ದರೆ, ನೇರವಾಗಿ ಹೇಳಿದ ಮಾತಿಗೆ ಎಷ್ಟಿದ್ದೀತು!

ತಾಟಸ್ಥ್ಯವನ್ನು ಕೆಲವರು ಮಾಧ್ಯಸ್ಥ್ಯಭಾವವೆಂದು ಹೊಗಳುತ್ತಾರೆ, ಅನೇಕಾಂತವೆಂದೂ ಅಲಂಕರಿಸುತ್ತಾರೆ. ಇದು ಆ ಪದಗಳಿಗೆ ಮಾಡುವ ಅಪಚಾರ. ಎಲ್ಲ ಪಕ್ಷಗಳ ಮಾತನ್ನೂ ಕೇಳಿ ಸತ್ಯದ ಎಲ್ಲ ಮುಖಗಳನ್ನೂ ಅರಿಯಬೇಕೆಂಬುದು ಅನೇಕಾಂತ. ಅರಿತ ಮೇಲೂ ಬಡಿಯುವವನಿಗೂ ಬಡಿಸಿಕೊಳ್ಳುವವನಿಗೂ ಭೇದವಿಲ್ಲವೆನ್ನುವುದು ಅನೇಕಾಂತವಲ್ಲ, ಅಂಜಿಕೆ. ರಾಗದ್ವೇಷಗಳಿಲ್ಲದೆ ಹೇಳಬೇಕು, ನಿಜ. ಹೇಳಲೇಬಾರದೆಂದು ಯಾವ ಶಾಸ್ತ್ರವೂ ವಿಧಿಸಿಲ್ಲ.

ರಾಷ್ಟ್ರಗಳ ಮಾತು ದೊಡ್ಡದಾಯಿತು ಎನ್ನುವವರು ತಮ್ಮ ತಮ್ಮ ಸಭೆಗಳನ್ನು ನೆನೆಯಲಿ. ಟ್ರಸ್ಟುಗಳ ನಡಾವಳಿ ಪುಸ್ತಕಗಳಲ್ಲಿ ‘ಸರ್ವಾನುಮತದಿಂದ ಅಂಗೀಕರಿಸಲಾಯಿತು’ ಎಂಬ ವಾಕ್ಯ ಎಷ್ಟು ಪುಟಗಳಲ್ಲಿಲ್ಲ! ಆ ಸರ್ವಾನುಮತದಲ್ಲಿ ಎಷ್ಟು ಮಂದಿ ಮನಸ್ಸಿನಲ್ಲಿ ಬೇಡವೆನ್ನುತ್ತಲೇ ಕೈಯೆತ್ತಿದವರು, ಎಷ್ಟು ಮಂದಿ ತಲೆ ತಗ್ಗಿಸಿ ಕುಳಿತವರು? ಒಬ್ಬ ಬಡ ನೌಕರನಿಗೆ, ಒಬ್ಬ ವಿಧವೆಗೆ ಆ ನಿರ್ಣಯದಿಂದ ಅನ್ಯಾಯವಾದರೆ ಅದು ಮಂಡಳಿಯ ಪಾಪ, ನನ್ನದಲ್ಲವೆಂದು ಯಾರೂ ಸಮಾಧಾನಪಟ್ಟುಕೊಳ್ಳಬಾರದು. ಅನುಮತವೆಂಬ ಪದ ಸರ್ವಾನುಮತದೊಳಗೇ ಅಡಗಿದೆ.

ವಾರ್ಸಾ ಒಡಂಬಡಿಕೆಯ ಮೂವತ್ತಾರು ವರ್ಷಗಳ ಕಥೆಯಿಂದ ನಾವು ತೆಗೆದುಕೊಳ್ಳಬೇಕಾದುದು ಇಷ್ಟೇ. ಭಯದ ಸಮತೂಕವನ್ನು ಶಾಂತಿಯೆಂದು ಹೊಗಳುವವರ ಮಾತಿಗೆ ತಲೆದೂಗಬೇಡಿ. ಪರಸ್ಪರ ಸಹಾಯದ ಹೆಸರಿನಲ್ಲಿ ದುರ್ಬಲನ ಮೇಲೆ ಕೈಯೆತ್ತುವ ನಿರ್ಣಯ ನಿಮ್ಮ ಮುಂದೆ ಬಂದಾಗ, ಅದು ದೇಶದ ಮಟ್ಟದಲ್ಲಿರಲಿ, ಬಸದಿಯ ಅಂಗಳದಲ್ಲಿರಲಿ, ಕುಟುಂಬದ ಹಜಾರದಲ್ಲಿರಲಿ, ಕ್ರೀಗೆಲ್ ಅವರಂತೆ ಲೇಖನಿಯನ್ನು ಕೆಳಗಿಡುವ ಧೈರ್ಯವಿರಲಿ. ಹಂಚಿಕೊಂಡ ಮಾತ್ರಕ್ಕೆ ಪಾಪ ಕಿರಿದಾಗುವುದಿಲ್ಲ. ಒಬ್ಬನೇ ನಿಂತ ಮಾತ್ರಕ್ಕೆ ಧರ್ಮವೂ ಕಿರಿದಾಗುವುದಿಲ್ಲ.